ಪ್ರತಿದೀಪ್ತ ಖನಿಜಗಳ ಪ್ರದರ್ಶನ ಮತ್ತು ದೀಪಗಳ ಸ್ವಯಂನಿಯಂತ್ರಣ

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಕಲ್ಲುಗಳ ವಿಚಾರವನ್ನೂ ದೀಪಗಳ ವಿಚಾರವನ್ನೂ ಎತ್ತುವುದು ಅನೇಕ ವಾಚಕರಿಗೆ ಅಸಂಗತವೆಂದು ತೋರಬಹುದು. ಆದರೆ ವಸ್ತುಸಂಗ್ರಹಾಲಯವು ಇತಿಹಾಸಕಾರನಿಗೆ ಗ್ರಂಥಭಂಡಾರದಷ್ಟೇ ಮುಖ್ಯವಾದ ಆಕರ. ಅಲ್ಲಿಟ್ಟ ವಸ್ತು ನೋಡುವವನಿಗೆ ನಿಜವನ್ನು ಹೇಳುತ್ತಿದೆಯೋ ಇಲ್ಲವೋ ಎಂಬ ಪ್ರಶ್ನೆ ಭೌತವಿಜ್ಞಾನಿಯದು ಮಾತ್ರವಲ್ಲ, ನಮ್ಮದೂ ಹೌದು.

ಈ ಪ್ರಶ್ನೆ ನಮ್ಮಲ್ಲಿ ಹುಟ್ಟಿದ್ದು ಒಂದು ಸಣ್ಣ ಪ್ರಸಂಗದಿಂದ. ಕೆಲವು ವರ್ಷಗಳ ಹಿಂದೆ ನಾವು ವಿದ್ಯಾರ್ಥಿಗಳೊಡನೆ ಒಂದು ಚಿಕ್ಕ ಸಂಗ್ರಹಾಲಯಕ್ಕೆ ಹೋಗಿದ್ದೆವು. ಅದರ ಹೆಸರು ಇಲ್ಲಿ ಅನಾವಶ್ಯಕ. ಅಲ್ಲಿಯ ಒಂದು ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಆರೇಳು ಕಲ್ಲುಗಳಿದ್ದವು. ಗುಂಡಿಯನ್ನು ಒತ್ತಿದರೆ ಒಂದು ಕಲ್ಲು ಹಸುರಾಗಿಯೂ ಇನ್ನೊಂದು ಕೆಂಪಾಗಿಯೂ ಬೆಳಗುವುದೆಂದು ಫಲಕದಲ್ಲಿ ಬರೆದಿತ್ತು. ಗುಂಡಿಯನ್ನು ಒತ್ತಿದೆವು. ಮಂಕಾದ ನೇರಿಳೆ ಛಾಯೆಯೊಂದು ಪೆಟ್ಟಿಗೆಯನ್ನು ತುಂಬಿತೇ ಹೊರತು ಹಸುರೂ ಕಾಣಲಿಲ್ಲ, ಕೆಂಪೂ ಕಾಣಲಿಲ್ಲ. “ಹಾಗಾದರೆ ಇಲ್ಲಿ ಬರೆದಿರುವುದು ಸುಳ್ಳೇ ಸಾರ್?” ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ನಮ್ಮಲ್ಲಿ ಉತ್ತರವಿರಲಿಲ್ಲ. ಬಹುಕಾಲದ ಮೇಲೆ ವಿಚಾರಿಸಿದಾಗ ತಿಳಿದುಬಂದುದು ಇಷ್ಟು: ಕಲ್ಲುಗಳು ಸರಿಯಾಗಿಯೇ ಇದ್ದವು, ಫಲಕವೂ ಸರಿಯಾಗಿಯೇ ಇತ್ತು, ದೀಪವೂ ಉರಿಯುತ್ತಿತ್ತು, ದೀಪದ ಮುಂದಿನ ಶೋಧಕ ಗಾಜು ಮಾತ್ರ ತನ್ನ ಆಯುಸ್ಸನ್ನು ಮುಗಿಸಿತ್ತು. ಹಗಲಿಡೀ ಯಾರೂ ನೋಡದಿದ್ದಾಗಲೂ ದೀಪವನ್ನು ಉರಿಸಿದ್ದೇ ಅದಕ್ಕೆ ಕಾರಣ. ಸತ್ಯವಾದ ವಸ್ತುವೊಂದು ದೀಪದ ಅವ್ಯವಸ್ಥೆಯಿಂದ ಸುಳ್ಳುಸಾಕ್ಷಿಯಾಗಿ ನಿಂತಿತ್ತು. ಇಂಥ ಪ್ರದರ್ಶನಗಳಲ್ಲಿ ದೀಪಗಳು ತಾವಾಗಿಯೇ ಹೊತ್ತಿ ಆರುವ ವ್ಯವಸ್ಥೆ ಹೇಗಿರಬೇಕು, ಏಕೆ ಹಾಗಿರಬೇಕು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವರಿಸಲೆಳಸಿದ್ದೇವೆ.

೧. ಪ್ರತಿದೀಪ್ತಿಯ ಪೂರ್ವಕಥೆ

ಬೆಳಕನ್ನು ಕುಡಿದು ಬೆಳಕನ್ನು ಉಗುಳುವ ಕಲ್ಲುಗಳ ಕಥೆ ಯುರೋಪಿನಲ್ಲಿ ಹದಿನೇಳನೆಯ ಶತಮಾನದ ಆದಿಯಲ್ಲಿ ಮೊದಲಾಗುತ್ತದೆ. ಇಟಲಿಯ ಬೊಲೊನ್ಯ ನಗರದ ವಿಂಚೆಂಜೊ ಕಾಶಾರೊಲೊ ಎಂಬ ಚಮ್ಮಾರ ರಸವಿದ್ಯೆಯಲ್ಲಿಯೂ ಆಸಕ್ತನಾಗಿದ್ದ. ಊರ ಬಳಿಯ ಬೆಟ್ಟದಲ್ಲಿ ದೊರೆತ ಭಾರವಾದ ಕಲ್ಲನ್ನು ಅವನು ಇದ್ದಲಿನೊಡನೆ ಸುಟ್ಟಾಗ, ಬಿಸಿಲಿಗೆ ಒಡ್ಡಿದ ಆ ವಸ್ತು ಕತ್ತಲೆಯಲ್ಲಿಯೂ ಹೊಳೆಯುತ್ತಿದ್ದುದು ಕಂಡುಬಂತು. ಚಿನ್ನವನ್ನು ಹುಡುಕಿದವನಿಗೆ ಸಿಕ್ಕಿದ್ದು ಬೆಳಕು.

ಈ ವಿಷಯಕ್ಕೆ ಶಾಸ್ತ್ರೀಯ ರೂಪ ಕೊಟ್ಟವನು ಕೇಂಬ್ರಿಜ್ಜಿನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್. ೧೮೫೨ರಲ್ಲಿ ಅವನು ಕ್ವಿನೈನ್ ದ್ರಾವಣವನ್ನು ಸೂರ್ಯನ ವರ್ಣಪಟಲದ ಉದ್ದಕ್ಕೂ ಸರಿಸಿದನು. ನೇರಿಳೆಯನ್ನು ದಾಟಿ, ಕಣ್ಣಿಗೆ ಏನೂ ಕಾಣದ ಭಾಗಕ್ಕೆ ಬಂದಾಗ ದ್ರಾವಣ ನೀಲಿಯಾಗಿ ಬೆಳಗಿತು. ಅಗೋಚರವಾದ ಕಿರಣವನ್ನು ವಸ್ತು ಹೀರಿಕೊಂಡು, ಹೆಚ್ಚು ತರಂಗಾಂತರದ ಗೋಚರ ಬೆಳಕಾಗಿ ಹೊರಗೆಡಹುತ್ತದೆ ಎಂಬುದು ಅವನ ನಿರ್ಣಯ. ಫ್ಲೂಅರ್‌ಸ್ಪಾರ್ ಎಂಬ ಖನಿಜದ ಹೆಸರಿನಿಂದಲೇ ಅವನು ಈ ಗುಣಕ್ಕೆ ಫ್ಲೂಅರೆಸೆನ್ಸ್ ಎಂದು ನಾಮಕರಣ ಮಾಡಿದನು. ನಾವು ಅದನ್ನು ಪ್ರತಿದೀಪ್ತಿ ಎನ್ನುತ್ತೇವೆ. ಕಿರಣ ನಿಂತೊಡನೆ ಪ್ರತಿದೀಪ್ತಿಯೂ ನಿಲ್ಲುತ್ತದೆ. ಕಿರಣ ನಿಂತ ಮೇಲೂ ಸ್ವಲ್ಪಕಾಲ ಉಳಿಯುವ ಬೆಳಕನ್ನು ಅನುದೀಪ್ತಿ ಎಂದು ಬೇರೆಯಾಗಿ ಎಣಿಸಬೇಕು. ಈ ಭೇದ ಮುಂದೆ ನಮಗೆ ಬೇಕಾಗುತ್ತದೆ.

ಬಹುಮಟ್ಟಿಗೆ ಖನಿಜದ ಮೂಲದ್ರವ್ಯಕ್ಕಿಂತ ಅದರಲ್ಲಿ ಸೇರಿದ ಅತ್ಯಲ್ಪ ಕಲ್ಮಷವೇ ಬೆಳಕಿಗೆ ಕಾರಣ. ಸತುವಿನ ಸಿಲಿಕೇಟಾದ ವಿಲ್ಲೆಮೈಟ್ ತನ್ನಲ್ಲಿರುವ ಮ್ಯಾಂಗನೀಸಿನಿಂದ ಹಸುರಾಗಿ ಬೆಳಗುತ್ತದೆ. ಕ್ಯಾಲ್ಸೈಟಿನಲ್ಲಿ ಮ್ಯಾಂಗನೀಸಿನ ಜೊತೆಗೆ ಸೀಸದ ಅಂಶವೂ ಇದ್ದರೆ ಅದು ಕಿತ್ತಳೆಗೆಂಪಾಗುತ್ತದೆ. ಕಬ್ಬಿಣ ಹೆಚ್ಚಾದರೆ ಬೆಳಕು ನಂದಿಹೋಗುತ್ತದೆ.

೨. ಗಣಿಯಿಂದ ಸಂಗ್ರಹಾಲಯಕ್ಕೆ

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಫ್ರಾಂಕ್ಲಿನ್ ಮತ್ತು ಅದರ ನೆರೆಯ ಸ್ಟರ್ಲಿಂಗ್ ಹಿಲ್ ಎಂಬ ಸತುವಿನ ಗಣಿಗಳು ಈ ವಿಷಯದಲ್ಲಿ ಜಗತ್ಪ್ರಸಿದ್ಧವಾದ ಸ್ಥಳಗಳು. ಅಲ್ಲಿ ೩೫೦ಕ್ಕೂ ಹೆಚ್ಚು ಬಗೆಯ ಖನಿಜಗಳು ದೊರೆತಿವೆ. ಅವುಗಳಲ್ಲಿ ೮೦ಕ್ಕೂ ಹೆಚ್ಚು ಅತಿನೇರಿಳೆ ಕಿರಣದಲ್ಲಿ ಬೆಳಗತಕ್ಕವು. ಹಗಲಿನಲ್ಲಿ ಬೂದುಬಣ್ಣದ ಒರಟುಕಲ್ಲಾಗಿ ಕಾಣುವ ಅದಿರು ಹ್ರಸ್ವತರಂಗದ ಕಿರಣದಲ್ಲಿ ಹಸುರು ವಿಲ್ಲೆಮೈಟ್, ಕೆಂಪು ಕ್ಯಾಲ್ಸೈಟ್, ಕಿಂಚಿತ್ತೂ ಬೆಳಗದ ಕಪ್ಪು ಫ್ರಾಂಕ್ಲಿನೈಟ್ ಎಂದು ವಿಂಗಡವಾಗುತ್ತದೆ. ಗಣಿಯವರಿಗೆ ಇದು ಕೇವಲ ವಿನೋದವಾಗಿರಲಿಲ್ಲ. ಅದಿರನ್ನು ಬೇರ್ಪಡಿಸಿದ ಮೇಲೆ ಉಳಿದ ಕಸದಲ್ಲಿ ವಿಲ್ಲೆಮೈಟ್ ಹೋಗುತ್ತಿದೆಯೇ ಎಂದು ನೋಡಲು ಇದೇ ಗುಣ ಅವರಿಗೆ ಒದಗಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಟಂಗ್‌ಸ್ಟನ್ ಲೋಹದ ಅದಿರಾದ ಷೀಲೈಟನ್ನು ರಾತ್ರಿಯ ಹೊತ್ತು ಕೈದೀಪ ಹಿಡಿದು ಹುಡುಕಿದುದೂ ಹೀಗೆಯೇ; ಷೀಲೈಟ್ ಹ್ರಸ್ವತರಂಗದಲ್ಲಿ ನೀಲಿ ಬೆರೆತ ಬಿಳುಪಾಗಿ ಹೊಳೆಯುತ್ತದೆ.

ಫ್ರಾಂಕ್ಲಿನ್ ಗಣಿ ೧೯೫೪ರಲ್ಲಿ ಮುಚ್ಚಿತು. ಸ್ಟರ್ಲಿಂಗ್ ಹಿಲ್ ಗಣಿ ೧೯೮೬ರಲ್ಲಿ. ಫ್ರಾಂಕ್ಲಿನ್ನಿನಲ್ಲಿ ೧೯೬೫ರಲ್ಲಿ ಖನಿಜ ಸಂಗ್ರಹಾಲಯ ತೆರೆಯಿತು. ಸ್ಟರ್ಲಿಂಗ್ ಹಿಲ್ ಗಣಿಯೇ ೧೯೯೦ರಲ್ಲಿ ಸಂಗ್ರಹಾಲಯವಾಯಿತು. ಅಲ್ಲಿ ಪ್ರತಿದೀಪ್ತಿಗೆಂದೇ ಮೀಸಲಾದ ಒಂದು ಭಾಗ ಕೈದೀಪಗಳ ಉದ್ಯಮಿಯಾಗಿದ್ದ ಥಾಮಸ್ ವಾರನ್ನನ ಹೆಸರಿನಲ್ಲಿದೆ. ಗಣಿ ಮುಚ್ಚಿದ ಊರಿಗೆ ಉಳಿದದ್ದು ಈ ಕಲ್ಲುಗಳ ಬೆಳಕು. ಹೊಸ ಅದಿರು ಇನ್ನು ಮೇಲೆ ಬರುವುದಿಲ್ಲ. ಇದ್ದುದನ್ನೇ ತೋರಿಸಬೇಕು, ಇದ್ದುದನ್ನೇ ಕಾಪಾಡಬೇಕು. ದೀಪನಿಯಂತ್ರಣದ ಪ್ರಶ್ನೆ ಇಲ್ಲಿಂದ ಗಂಭೀರವಾಗುತ್ತದೆ.

೩. ದೀಪಗಳು ಮತ್ತು ಗಾಜುಗಳು

ಪ್ರದರ್ಶನಕ್ಕೆ ಸಾಮಾನ್ಯವಾಗಿ ಮೂರು ಬಗೆಯ ಬೆಳಕು ಬೇಕು. ಮೊದಲನೆಯದು ಸಾಮಾನ್ಯವಾದ ಬಿಳಿಯ ಬೆಳಕು. ಎರಡನೆಯದು ಸುಮಾರು ೩೬೫ ನ್ಯಾನೊಮೀಟರ್ ತರಂಗಾಂತರದ ದೀರ್ಘತರಂಗ ಅತಿನೇರಿಳೆ. ಮೂರನೆಯದು ೨೫೪ ನ್ಯಾನೊಮೀಟರಿನ ಸಮೀಪದ ಹ್ರಸ್ವತರಂಗ ಅತಿನೇರಿಳೆ. ಈ ಕೊನೆಯದನ್ನು ಅಲ್ಪ ಒತ್ತಡದ ಪಾದರಸ ಬಾಷ್ಪದೀಪ ಕೊಡುತ್ತದೆ. ನಮ್ಮ ಮನೆಗಳಲ್ಲಿ ಬಹುಕಾಲ ಉರಿದ ಟ್ಯೂಬ್‌ಲೈಟಿನ ಒಳಗೂ ಇದೇ ಕಿರಣವಿತ್ತು. ಅಲ್ಲಿ ಕೊಳವೆಯ ಒಳಮೈಗೆ ಬಳಿದ ಪುಡಿ ಅದನ್ನು ಬಿಳಿಯ ಬೆಳಕಾಗಿ ಮಾರ್ಪಡಿಸುತ್ತಿತ್ತು. ಇಲ್ಲಿ ಆ ಪುಡಿ ಇಲ್ಲ, ಕೊಳವೆಯೂ ಸಾಮಾನ್ಯ ಗಾಜಿನದಲ್ಲ.

ಪಾದರಸದೀಪ ಅತಿನೇರಿಳೆಯ ಜೊತೆಗೆ ಕಣ್ಣಿಗೆ ಕಾಣುವ ನೇರಿಳೆ ಮತ್ತು ನೀಲಿ ಬೆಳಕನ್ನೂ ಸೂಸುತ್ತದೆ. ಅದು ಕಲ್ಲಿನ ಮೇಲೆ ಬಿದ್ದು ಹಿಂದಿರುಗಿದರೆ ಕಲ್ಲಿನ ಸ್ವಂತ ಬೆಳಕು ಮರೆಯಾಗುತ್ತದೆ. ಆದುದರಿಂದ ಗೋಚರ ಬೆಳಕನ್ನು ತಡೆದು ಅತಿನೇರಿಳೆಯನ್ನು ಮಾತ್ರ ಬಿಡುವ ಕಪ್ಪುಗಾಜನ್ನು ದೀಪದ ಮುಂದೆ ಇಡಬೇಕು. ಇಂಥ ಗಾಜನ್ನು ೧೯೦೩ರಲ್ಲಿ ಅಮೆರಿಕದ ರಾಬರ್ಟ್ ವುಡ್ ಎಂಬ ಭೌತವಿಜ್ಞಾನಿ ರಚಿಸಿದನು. ಇಂದಿಗೂ ಅದಕ್ಕೆ ಅವನದೇ ಹೆಸರು. ಅದು ದೀರ್ಘತರಂಗಕ್ಕೆ ತಕ್ಕುದು. ಹ್ರಸ್ವತರಂಗಕ್ಕೆ ಬೇರೆ ಗಾಜು ಬೇಕು. ಆ ಗಾಜಿಗೆ ಒಂದು ದೋಷವುಂಟು: ಯಾವ ಕಿರಣವನ್ನು ಹೊರಬಿಡುವುದಕ್ಕಾಗಿ ಅದನ್ನು ಮಾಡಿದೆಯೋ ಆ ಕಿರಣದಿಂದಲೇ ಅದು ಕ್ರಮವಾಗಿ ಮಬ್ಬಾಗುತ್ತದೆ. ದೀಪ ಉರಿದ ಪ್ರತಿಯೊಂದು ಗಂಟೆಯೂ ಗಾಜಿನ ಆಯುಸ್ಸಿನಲ್ಲಿ ಕಳೆಯುವ ಗಂಟೆಯೇ. ನೇರಿಳೆ ಛಾಯೆ ಮಾತ್ರ ಸೋರುತ್ತಲೇ ಇರುವುದರಿಂದ ದೀಪ ಸರಿಯಾಗಿದೆಯೆಂದು ಕಾವಲುಗಾರ ನಂಬುತ್ತಾನೆ. ನಾವು ಕಂಡ ಪೆಟ್ಟಿಗೆಯಲ್ಲಿ ಆದದ್ದು ಇದೇ.

೪. ಬೆಳಕುಗಳ ಸರದಿ

ಸ್ವಯಂನಿಯಂತ್ರಣವೆಂದರೆ ದೀಪವನ್ನು ಹೊತ್ತಿಸಿ ಆರಿಸುವುದಷ್ಟೇ ಅಲ್ಲ. ನೋಡುವವನ ಕಣ್ಣಿಗೂ ಬುದ್ಧಿಗೂ ಒಂದು ಕ್ರಮವನ್ನು ಒದಗಿಸುವುದು. ಹಿಂದೆ ಇದಕ್ಕೆ ಮೆಲ್ಲಗೆ ತಿರುಗುವ ಮೋಟಾರಿನ ದಂಡಕ್ಕೆ ಏಣುಗಳುಳ್ಳ ಬಿಲ್ಲೆಗಳನ್ನು ಜೋಡಿಸುತ್ತಿದ್ದರು. ಬಿಲ್ಲೆ ತಿರುಗಿದಂತೆ ಅದರ ಏಣು ಒಂದೊಂದೇ ಸ್ವಿಚ್ಚನ್ನು ಒತ್ತಿ ಬಿಡುತ್ತಿತ್ತು. ಈಗ ಬೆರಳುಗುರಿನಷ್ಟು ದೊಡ್ಡ ಮೈಕ್ರೊಕಂಟ್ರೋಲರ್ ಬಿಲ್ಲೆಯೊಂದು ಅದೇ ಕೆಲಸವನ್ನು ರಿಲೇಗಳ ಮೂಲಕ ಮಾಡುತ್ತದೆ. ಉಪಕರಣ ಬದಲಾದರೂ ತತ್ತ್ವ ಬದಲಾಗಿಲ್ಲ.

ಸರದಿ ಹೀಗಿದ್ದರೆ ಉತ್ತಮವೆಂದು ನಮಗೆ ತೋರುತ್ತದೆ: ಬಿಳಿಯ ಬೆಳಕು ೨೦ ಸೆಕೆಂಡು, ದೀರ್ಘತರಂಗ ೨೫ ಸೆಕೆಂಡು, ಹ್ರಸ್ವತರಂಗ ೨೫ ಸೆಕೆಂಡು, ಸಂಪೂರ್ಣ ಕತ್ತಲೆ ೧೦ ಸೆಕೆಂಡು, ಮತ್ತೆ ಬಿಳಿಯ ಬೆಳಕು. ಇದರ ಪ್ರತಿಯೊಂದು ಹಂತಕ್ಕೂ ಕಾರಣವುಂಟು.

ಬಿಳಿಯ ಬೆಳಕು ಇಲ್ಲದಿದ್ದರೆ, ತಾನು ನೋಡುತ್ತಿರುವುದು ಬಣ್ಣ ಬಳಿದ ಕಲ್ಲೋ ಒಳಗೆ ದೀಪವಿಟ್ಟ ಗಾಜೋ ಎಂಬ ಸಂಶಯ ಪ್ರೇಕ್ಷಕನಿಗೆ ಉಳಿಯುತ್ತದೆ. ಮೊದಲು ಬೂದುಗಲ್ಲನ್ನು ಕಂಡು ಅನಂತರ ಅದೇ ಕಲ್ಲು ಹಸುರಾದುದನ್ನು ಕಂಡರೆ ಮಾತ್ರ ಸಾಕ್ಷ್ಯ ಪೂರ್ಣವಾಗುತ್ತದೆ. ಆದರೆ ಈ ಬಿಳಿಯ ಬೆಳಕು ಮಂದವಾಗಿರಬೇಕು. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಕಾಲ ಹಿಡಿಯುತ್ತದೆ. ಪ್ರಖರವಾದ ದೀಪ ಒಂದು ಕ್ಷಣದಲ್ಲಿ ಅದನ್ನು ಕೆಡಿಸಿಬಿಡುತ್ತದೆ. ಬಿಸಿಲಿನಿಂದ ಬಂದವನನ್ನು ನೇರವಾಗಿ ಪೆಟ್ಟಿಗೆಯ ಮುಂದೆ ನಿಲ್ಲಿಸದೆ, ಒಂದೆರಡು ತಿರುವುಗಳುಳ್ಳ ಮಬ್ಬುದಾರಿಯಲ್ಲಿ ತರುವುದೂ ಇದೇ ಕಾರಣಕ್ಕಾಗಿ.

ಅತಿನೇರಿಳೆಗಳಲ್ಲಿ ದೀರ್ಘತರಂಗ ಮೊದಲು ಬರಬೇಕು. ಫ್ರಾಂಕ್ಲಿನ್ನಿನ ಕಲ್ಲುಗಳಲ್ಲಿ ಹಲವು ಹ್ರಸ್ವತರಂಗಕ್ಕೇ ಹೆಚ್ಚು ಉಜ್ಜ್ವಲವಾಗಿ ಪ್ರತಿಕ್ರಿಯೆ ತೋರುತ್ತವೆ. ಪ್ರಬಲವಾದುದನ್ನು ಮೊದಲು ತೋರಿಸಿದರೆ ಅದರ ಅನುದೀಪ್ತಿ ಮುಂದಿನ ಕ್ಷೀಣವಾದ ಬೆಳಕಿನೊಡನೆ ಬೆರೆತು ಗೊಂದಲವಾಗುತ್ತದೆ. ಟೆಕ್ಸಸ್ಸಿನ ಟರ್ಲಿಂಗ್ವ ಪ್ರದೇಶದ ಕ್ಯಾಲ್ಸೈಟ್ ದೀರ್ಘತರಂಗದಲ್ಲಿ ನಸುಗೆಂಪಾಗಿಯೂ ಹ್ರಸ್ವತರಂಗದಲ್ಲಿ ನೀಲಿಯಾಗಿಯೂ ಬೆಳಗಿ, ದೀಪ ಆರಿದ ಮೇಲೂ ನೀಲಿಯಾಗಿಯೇ ಉಳಿಯುತ್ತದೆ. ಸರದಿ ತಪ್ಪಿದರೆ ಈ ಮೂರು ಸಂಗತಿಗಳೂ ಒಂದರಲ್ಲೊಂದು ಕಲೆಯುತ್ತವೆ.

ಕತ್ತಲೆಯ ೧೦ ಸೆಕೆಂಡು ವ್ಯರ್ಥವಲ್ಲ. ಅನುದೀಪ್ತಿ ಕಾಣುವುದು ಆಗ ಮಾತ್ರ. ದೀಪ ಕೆಟ್ಟಿತೆಂದು ಪ್ರೇಕ್ಷಕನು ಹೊರಟುಹೋಗದಂತೆ, ಕತ್ತಲೆಯೂ ಪ್ರದರ್ಶನದ ಒಂದು ಭಾಗವೆಂದು ಫಲಕದಲ್ಲಿ ತಿಳಿಸಿದರೆ ಸಾಕು. ಕೊನೆಯ ಬಿಳಿಯ ಬೆಳಕಿಗೂ ಒಂದು ಕೆಲಸವಿದೆ. ಹ್ಯಾಕ್‌ಮನೈಟ್ ಎಂಬ ಖನಿಜ ಹ್ರಸ್ವತರಂಗ ತಗುಲಿದ ಮೇಲೆ ತನ್ನ ಮೈಬಣ್ಣವನ್ನೇ ನೇರಿಳೆಯಾಗಿ ಬದಲಿಸಿಕೊಂಡಿರುತ್ತದೆ; ಬಿಳಿಯ ಬೆಳಕು ಬಿದ್ದಾಗಲೇ ಆ ಬಣ್ಣ ಕಾಣುವುದು, ಅದೇ ಬೆಳಕಿನಲ್ಲಿಯೇ ಕ್ರಮೇಣ ಮಾಸುವುದು.

೫. ಉರಿಸಿದರೆ ಗಾಜಿಗೆ ಹಾನಿ, ಆರಿಸಿದರೆ ದೀಪಕ್ಕೆ ಹಾನಿ

ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಗಾಜಿನ ಆಯುಸ್ಸು ಉಳಿಯಬೇಕಾದರೆ ಜನರಿಲ್ಲದಾಗ ದೀಪ ಆರಬೇಕು. ಆದರೆ ಟ್ಯೂಬಿನ ತುದಿಗಳಲ್ಲಿರುವ ತಂತಿಗೆ ಬಳಿದ ಲೇಪ ದೀಪ ಹೊತ್ತುವ ಪ್ರತಿ ಸಲವೂ ಸ್ವಲ್ಪಸ್ವಲ್ಪವಾಗಿ ಸವೆಯುತ್ತದೆ. ಪದೇ ಪದೇ ಹೊತ್ತಿಸಿದರೆ ದೀಪವೇ ಬೇಗ ಸಾಯುತ್ತದೆ.

ಒಂದು ಲೆಕ್ಕವನ್ನು ಉದಾಹರಣೆಗೆಂದು ಹಾಕಿ ನೋಡಬಹುದು. ಸಂಗ್ರಹಾಲಯವು ದಿನಕ್ಕೆ ೮ ಗಂಟೆಯಂತೆ ವರ್ಷಕ್ಕೆ ೩೦೦ ದಿನ ತೆರೆದಿದ್ದರೆ ಒಟ್ಟು ೨೪೦೦ ಗಂಟೆ. ದೀಪ ನಿರಂತರವಾಗಿ ಉರಿದರೆ ಗಾಜಿಗೆ ೨೪೦೦ ಗಂಟೆಗಳ ಕಿರಣ ತಗುಲುತ್ತದೆ; ದೀಪ ಹೊತ್ತುವುದು ೩೦೦ ಸಲ ಮಾತ್ರ. ಜನರು ಪೆಟ್ಟಿಗೆಯ ಮುಂದೆ ಇರುವುದು ಕಾಲುಭಾಗ ಕಾಲವೆಂದೂ, ಆಗ ಮಾತ್ರ ಸಲಕ್ಕೆ ೩ ನಿಮಿಷ ದೀಪ ಉರಿಯುವುದೆಂದೂ ಇಟ್ಟುಕೊಂಡರೆ, ಗಾಜಿಗೆ ತಗುಲುವುದು ೬೦೦ ಗಂಟೆ. ಆದರೆ ದೀಪ ಹೊತ್ತುವುದು ೧೨೦೦೦ ಸಲ. ಒಂದನ್ನು ಉಳಿಸಹೋಗಿ ಇನ್ನೊಂದನ್ನು ಕಳೆದುಕೊಂಡಂತಾಯಿತು.

ಪರಿಹಾರಗಳು ಮೂರು. ಮೊದಲನೆಯದು, ತಂತಿಯನ್ನು ಮುಂಚಿತವಾಗಿ ಕಾಯಿಸಿ ಅನಂತರ ಹೊತ್ತಿಸುವ ಬ್ಯಾಲಸ್ಟನ್ನು ಬಳಸುವುದು. ಇದರಿಂದ ಸವೆತ ಕಡಮೆಯಾಗುತ್ತದೆ. ಎರಡನೆಯದು, ಹೊತ್ತಿಸುವಿಕೆಯನ್ನು ಸಹಿಸಬಲ್ಲ ತಣ್ಣನೆಯ ಧ್ರುವಗಳ ದೀಪವನ್ನು ಹಾಕುವುದು. ಮೂರನೆಯದು, ಗುಂಪು ಗುಂಪಾಗಿ ಜನ ಬರುವ ಹೊತ್ತಿನಲ್ಲಿ ದೀಪವನ್ನು ಆರಿಸದೆ, ಅದರ ಮುಂದೆ ಲೋಹದ ತೆರೆಯೊಂದನ್ನು ಮುಚ್ಚಿ ತೆರೆಯುವುದು. ಈ ತೆರೆ ದೀಪಕ್ಕೂ ಗಾಜಿಗೂ ನಡುವೆ ಇರಬೇಕು; ಗಾಜಿನ ಹೊರಗಿದ್ದರೆ ಗಾಜಿನ ಸವೆತ ನಿಲ್ಲದು. ಅಧಿಕ ಒತ್ತಡದ ಪಾದರಸದೀಪಗಳಿಗಂತೂ ತೆರೆಯೇ ಗತಿ. ಅವು ಪೂರ್ಣ ಪ್ರಭೆಗೆ ಬರಲು ಕೆಲವು ನಿಮಿಷಗಳು ಬೇಕು, ಒಮ್ಮೆ ಆರಿದರೆ ತಣ್ಣಗಾಗುವ ತನಕ ಮತ್ತೆ ಹೊತ್ತುವುದಿಲ್ಲ.

ಈಚಿನ ವರ್ಷಗಳಲ್ಲಿ ಎಲ್‌ಇಡಿಗಳು ದೀರ್ಘತರಂಗದ ಮಟ್ಟಿಗೆ ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿವೆ. ಅವು ತತ್‌ಕ್ಷಣ ಬೆಳಗುತ್ತವೆ, ಎಷ್ಟು ಸಲ ಹೊತ್ತಿಸಿದರೂ ಅದರಿಂದ ಸವೆಯವು, ಪಾದರಸವೂ ಅವುಗಳಲ್ಲಿಲ್ಲ. ಪಾದರಸದ ಬಳಕೆಯನ್ನು ತಗ್ಗಿಸುವ ಮಿನಮಾಟ ಒಪ್ಪಂದ ೨೦೧೭ರಲ್ಲಿ ಜಾರಿಗೆ ಬಂದಿರುವುದರಿಂದ ಈ ಕೊನೆಯ ಗುಣ ಉಪೇಕ್ಷಣೀಯವಲ್ಲ. ಆದರೆ ಹ್ರಸ್ವತರಂಗದ ಎಲ್‌ಇಡಿಗಳು ಇನ್ನೂ ದುಬಾರಿ. ಅವುಗಳ ತರಂಗಾಂತರ ಪಾದರಸದೀಪದ್ದಕ್ಕೆ ಸರಿಸಮವಲ್ಲದ ಕಾರಣ ಕೆಲವು ಕಲ್ಲುಗಳು ಭಿನ್ನವಾಗಿ ಕಾಣುವುದೂ ಉಂಟು.

ಜನರ ಇರವನ್ನು ಅರಿಯುವ ಉಪಕರಣದ ಬಗ್ಗೆಯೂ ಒಂದು ಮಾತು. ಮೈಶಾಖವನ್ನು ಗುರುತಿಸುವ ಸಾಮಾನ್ಯ ಉಪಕರಣ ಚಲನೆಯನ್ನು ಮಾತ್ರ ಕಾಣುತ್ತದೆ. ಕಲ್ಲನ್ನೇ ದಿಟ್ಟಿಸಿ ಅಲುಗಾಡದೆ ನಿಂತವನು ಅದರ ಪಾಲಿಗೆ ಇಲ್ಲದವನು. ಅತ್ತಿತ್ತ ಓಡಾಡುವವನಿಗೆ ಬೆಳಕು, ತನ್ಮಯನಾಗಿ ನೋಡುವವನಿಗೆ ಕತ್ತಲೆ ಎಂಬಂತಾಗುತ್ತದೆ. ಆದುದರಿಂದ ಒಮ್ಮೆ ಮೊದಲಾದ ಸರದಿ ಕೊನೆಯವರೆಗೆ ನಡೆದೇ ತೀರಬೇಕು. ಮತ್ತೊಮ್ಮೆ ನೋಡಬೇಕೆನ್ನುವವನಿಗೆ ಒಂದು ಗುಂಡಿಯೂ ಇರಬೇಕು.

೬. ಕಣ್ಣಿನ ರಕ್ಷಣೆ, ಕಲ್ಲಿನ ರಕ್ಷಣೆ

ಹ್ರಸ್ವತರಂಗದ ಕಿರಣ ಕಣ್ಣಿಗೂ ಚರ್ಮಕ್ಕೂ ಅಪಾಯಕಾರಿ. ಅದು ತಗುಲಿದ ಕೂಡಲೆ ನೋವು ತಿಳಿಯದು. ಕೆಲವು ಗಂಟೆಗಳಾದ ಮೇಲೆ ಕಣ್ಣಿನಲ್ಲಿ ಮರಳು ಬಿದ್ದಂತೆ ಉರಿ ಮೊದಲಾಗುತ್ತದೆ. ದೈವವಶಾತ್ ಸಾಮಾನ್ಯವಾದ ಕಿಟಕಿಗಾಜೇ ಈ ಕಿರಣವನ್ನು ತಡೆಯುತ್ತದೆ. ದೀಪವೂ ಕಲ್ಲೂ ಗಾಜಿನ ಒಳಗೆ, ಪ್ರೇಕ್ಷಕ ಹೊರಗೆ ಎಂಬ ನಿಯಮ ಪಾಲಿತವಾದರೆ ಮಕ್ಕಳಿಗೂ ಭಯವಿಲ್ಲ. ಅಪಾಯವಿರುವುದು ಪೆಟ್ಟಿಗೆಯನ್ನು ತೆರೆದು ಒರಸುವ ಸಿಬ್ಬಂದಿಗೆ. ಬಾಗಿಲು ತೆರೆದೊಡನೆ ದೀಪದ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು ಇರಲೇಬೇಕು. ಅದು ಮೈಕ್ರೊಕಂಟ್ರೋಲರಿನ ಅಪ್ಪಣೆಗೆ ಕಾಯದೆ ನೇರವಾಗಿ ತಂತಿಯನ್ನೇ ಕಡಿಯುವಂತಿರಬೇಕು. ಕ್ರಮವಿಧಿ ತಪ್ಪಬಹುದು, ಕಡಿದ ತಂತಿಯಲ್ಲಿ ವಿದ್ಯುತ್ತು ಹರಿಯದು.

ಕಲ್ಲುಗಳೂ ಬೆಳಕಿನಿಂದ ನೋಯುತ್ತವೆ. ಕುಂಜೈಟಿನ ಗುಲಾಬಿ ಬಣ್ಣ ಬೆಳಕಿನಲ್ಲಿ ಮಾಸುತ್ತದೆ. ಕೆಂಪು ರಿಯಲ್ಗಾರ್ ಹಳದಿಯ ಪುಡಿಯಾಗಿ ಉದುರುತ್ತದೆ. ಯಾವ ಕಲ್ಲಿಗೆ ಎಷ್ಟು ಬೆಳಕು ಬಿತ್ತು ಎಂಬ ಲೆಕ್ಕ ಇದ್ದರೆ ಮಾತ್ರ ಅದನ್ನು ಕಾಪಾಡಲು ಸಾಧ್ಯ. ಸ್ವಯಂನಿಯಂತ್ರಣದ ಯಂತ್ರಕ್ಕೆ ಈ ಲೆಕ್ಕವನ್ನಿಡುವುದು ಸುಲಭ: ಪ್ರತಿಯೊಂದು ದೀಪವೂ ಎಷ್ಟು ಗಂಟೆ ಉರಿಯಿತು, ಎಷ್ಟು ಸಲ ಹೊತ್ತಿತು ಎಂಬುದನ್ನು ಅದು ಬರೆದಿಡಬಲ್ಲದು. ಇದರೊಡನೆ, ಕಿರಣಕ್ಕೆ ಒಡ್ಡದ ಶೋಧಕ ಗಾಜಿನ ಒಂದು ಚೂರನ್ನು ಪ್ರತ್ಯೇಕವಾಗಿ ತೆಗೆದಿಟ್ಟು, ತಿಂಗಳಿಗೊಮ್ಮೆ ಹಳೆಯ ಗಾಜಿನಡಿಯಲ್ಲಿಯೂ ಈ ಚೂರಿನಡಿಯಲ್ಲಿಯೂ ಒಂದೇ ಕಲ್ಲನ್ನಿಟ್ಟು ಹೋಲಿಸಬೇಕು. ಯಂತ್ರಕ್ಕೆ ದೀಪ ಉರಿದುದು ತಿಳಿಯುತ್ತದೆ. ಕಲ್ಲು ಬೆಳಗಿತೇ ಎಂಬುದು ಮನುಷ್ಯನ ಕಣ್ಣಿಗೆ ಮಾತ್ರ ತಿಳಿಯತಕ್ಕದ್ದು.

೭. ನಮ್ಮ ನಾಡಿನಲ್ಲಿ

ಈ ವಿಷಯ ನಮ್ಮ ನಾಡಿಗೆ ದೂರವಾದುದಲ್ಲ. ಸರ್ ಚಂದ್ರಶೇಖರ ವೆಂಕಟರಾಮನ್ನರು ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನಾಲಯದಲ್ಲಿ ತಮ್ಮ ರತ್ನಗಳ ಮತ್ತು ಖನಿಜಗಳ ಸಂಗ್ರಹವನ್ನಿಟ್ಟರು. ಅತಿನೇರಿಳೆಯಲ್ಲಿ ಬೆಳಗುವ ಕಲ್ಲುಗಳಿಗೆಂದು ಅಲ್ಲಿ ಒಂದು ಕತ್ತಲೆಯ ಕೋಣೆಯೇ ಇತ್ತು. ಸಂದರ್ಶಕರಿಗೆ ಅವುಗಳನ್ನು ತೋರಿಸುವುದು ಅವರಿಗೆ ಬಲು ಮೆಚ್ಚಿನ ಕೆಲಸವಾಗಿತ್ತು. ಅಂಥ ಮಾರ್ಗದರ್ಶಕರು ಪಕ್ಕದಲ್ಲಿ ನಿಂತು ಸ್ವಿಚ್ಚು ಒತ್ತುವ ಕಡೆ ಯಂತ್ರದ ಅಗತ್ಯವಿಲ್ಲ. ಅವರಿಲ್ಲದ ಕಡೆ, ಒಬ್ಬನೇ ಕಾವಲುಗಾರನಿರುವ ಊರೂರಿನ ಸಂಗ್ರಹಾಲಯಗಳಲ್ಲಿ, ಆ ಸ್ಥಾನವನ್ನು ಯಂತ್ರ ಕಿಂಚಿತ್ತಾದರೂ ತುಂಬಬೇಕಾಗಿದೆ.

ಕೋಲಾರದ ಚಿನ್ನದ ಗಣಿಗಳ ಶಿಲೆಯಲ್ಲಿ ಚಿನ್ನದ ಜೊತೆಗೆ ಷೀಲೈಟೂ ಇರುವುದು ಭೂವಿಜ್ಞಾನಿಗಳಿಗೆ ತಿಳಿದ ಸಂಗತಿ. ಆ ಗಣಿಗಳು ೨೦೦೧ರ ಫೆಬ್ರವರಿಯಲ್ಲಿ ಮುಚ್ಚಿದವು. ಫ್ರಾಂಕ್ಲಿನ್ನಿನಂತೆಯೇ ಅಲ್ಲಿಯೂ ತಲೆಮಾರುಗಳ ಕಾಲ ನೆಲದಡಿಯಲ್ಲಿ ದುಡಿದವರ ಸ್ಮೃತಿ ಕಲ್ಲುಗಳಲ್ಲಿ ಉಳಿದಿದೆ. ಬಿಳಿಯ ಬೆಳಕಿನಲ್ಲಿ ಯಾರ ಕಣ್ಣಿಗೂ ಬೀಳದ ಒಂದು ತುಣುಕು ಕತ್ತಲೆಯಲ್ಲಿ ಸರಿಯಾದ ಕಿರಣದಡಿ ನೀಲಿಯಾಗಿ ಬೆಳಗಿದಾಗ, ಒಂದು ಇಡೀ ಕಸುಬಿನ ಕಥೆಯನ್ನು ಹೇಳಲು ಅಧ್ಯಾಪಕನಿಗೆ ಅದಕ್ಕಿಂತ ಉತ್ತಮವಾದ ಆರಂಭ ದೊರೆಯದು.

ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಈಗ ನಮ್ಮಲ್ಲಿದೆ. ಬರೆದಿದ್ದುದು ಸುಳ್ಳಲ್ಲ, ತೋರಿಸುವ ಹೊಣೆ ಹೊತ್ತವರು ದೀಪದ ಲೆಕ್ಕವನ್ನಿಟ್ಟಿರಲಿಲ್ಲ. ಅವನು ಪದವಿ ಪಡೆದು ಹೊರಟುಹೋಗಿದ್ದಾನೆ. ಮುಂದಿನ ತಂಡಕ್ಕಾದರೂ ಕಲ್ಲು ತನ್ನ ಮಾತನ್ನು ತಾನೇ ಹೇಳುವಂತಾಗಲಿ ಎಂಬುದು ನಮ್ಮ ಆಶಯ.